ಚಿಂತೆಯೂ ಮೇದಸ್ಸೂ: ಅಧಿಕಾರಿವರ್ಗದ ಶರೀರಭಾರವನ್ನು ಕುರಿತ ವಾದಗಳ ವಿಮರ್ಶೆ

೧

ಚಿಂತೆಯು ಮೈಯನ್ನು ಸೊರಗಿಸುವುದೆಂಬುದು ಪೂರ್ವಿಕರ ಮತ. ಅದು ಮೈಯನ್ನು ಬೆಳೆಯಿಸುವುದೆಂಬುದು ಈಚಿನವರ ಮತ. ಈ ಎರಡು ಮತಗಳೂ ಇಂದು ಕನ್ನಡ ಮಾತಿನಲ್ಲಿ ಒಂದರ ಪಕ್ಕದಲ್ಲೊಂದು ಬಾಳುತ್ತಿವೆ. ಪರಿಚಿತನೊಬ್ಬನು ಬಡವಾದುದನ್ನು ಕಂಡರೆ “ಏನೋ ಚಿಂತೆ ಹತ್ತಿರಬೇಕು” ಎನ್ನುವ ಜನರೇ, ಕಚೇರಿಯ ಮೇಲಧಿಕಾರಿಗೆ ಹೊಟ್ಟೆ ಬಂದುದನ್ನು ಕಂಡರೆ “ಪಾಪ, ಕೆಲಸದ ಒತ್ತಡ” ಎನ್ನುತ್ತಾರೆ. ಒಂದೇ ಕಾರಣಕ್ಕೆ ಪರಸ್ಪರ ವಿರುದ್ಧವಾದ ಎರಡು ಕಾರ್ಯಗಳನ್ನು ಹೇಳುವುದರಲ್ಲಿ ಯಾರಿಗೂ ಅಡ್ಡಿಯೇ ತೋರಿದಂತಿಲ್ಲ.

ಪೂರ್ವಿಕರ ಮತಕ್ಕೆ ಶಾಸ್ತ್ರಾಧಾರವುಂಟು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಇಪ್ಪತ್ತೊಂದನೆಯದಾದ ಅಷ್ಟೌನಿಂದಿತೀಯಾಧ್ಯಾಯವು ನಿಂದಿತವಾದ ಎಂಟು ಬಗೆಯ ಶರೀರಗಳನ್ನೆಣಿಸಿ, ಅವುಗಳಲ್ಲಿ ಅತಿಸ್ಥೂಲ, ಅತಿಕೃಶ ಎಂಬ ಎರಡನ್ನು ವಿಶೇಷವಾಗಿ ವಿಚಾರಿಸುತ್ತದೆ. ಅತಿಸ್ಥೌಲ್ಯಕ್ಕೆ ಅಲ್ಲಿ ಹೇಳಿರುವ ಕಾರಣಗಳು ಗಮನಾರ್ಹವಾಗಿವೆ: ಅತಿಯಾದ ಊಟ, ಗುರುವೂ ಮಧುರವೂ ಸ್ನಿಗ್ಧವೂ ಆದ ಪದಾರ್ಥಗಳ ಸೇವನೆ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ, ಸದಾ ಹರ್ಷದಿಂದಿರುವುದು, ಯಾವ ಚಿಂತೆಯೂ ಇಲ್ಲದಿರುವುದು, ಮತ್ತು ಬೀಜಸ್ವಭಾವ. ಇವುಗಳಲ್ಲಿ ಆಹಾರ, ವ್ಯಾಯಾಮ, ಬೀಜ ಎಂಬ ಮೂರನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಭೇದವಿರುವುದು ಚಿಂತೆಯ ವಿಷಯದಲ್ಲಿ. ಚರಕನ ಮತದಲ್ಲಿ ನಿಶ್ಚಿಂತೆಯೇ ಸ್ಥೌಲ್ಯಕ್ಕೆ ಕಾರಣ. ಆದ್ದರಿಂದ ಚಿಕಿತ್ಸೆಯಲ್ಲಿ ಜಾಗರಣ, ವ್ಯಾಯಾಮಗಳ ಜೊತೆಗೆ ಚಿಂತನವನ್ನೂ ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದು ವಿಧಿ. ಕೃಶನಾದವನಿಗೆ ಇದರ ವಿಪರೀತವಾಗಿ ನಿದ್ರೆ, ಹರ್ಷ, ಸುಖಶಯ್ಯೆ, ಮನಶ್ಶಾಂತಿಗಳನ್ನು ವಿಧಿಸಿದೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ನಮ್ಮ ನಾಡಿನ ಗಾದೆಯೂ ನಿಶ್ಚಿಂತೆ, ನಿದ್ರೆ ಎಂಬ ಎರಡನ್ನು ಇದೇ ರೀತಿಯಲ್ಲಿ ಜೊತೆಗೂಡಿಸುತ್ತದೆ.

ಇಂದಿನ ಮತವು ಇದನ್ನು ತಲೆಕೆಳಗು ಮಾಡಿದೆ. ಹೆಚ್ಚು ಹೊಣೆ ಹೊತ್ತ ವ್ಯವಸ್ಥಾಪಕನು ಹೆಚ್ಚು ಚಿಂತೆಯುಳ್ಳವನು, ಹೆಚ್ಚು ಚಿಂತೆಯುಳ್ಳವನಿಗೆ ಹೆಚ್ಚು ಮೇದಸ್ಸು ಎಂಬುದು ಅದರ ಸಾರ. ಈ ವಾದದಲ್ಲಿ ಎರಡು ಹೆಜ್ಜೆಗಳಿವೆ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದು ಅವಶ್ಯ. ಇದು ವೈದ್ಯರಿಗೆ ಮಾತ್ರ ಬಿಟ್ಟ ವಿಷಯವಲ್ಲ. ಶರೀರದ ಮೇಲೆ ಆರೋಪಿಸುವ ಗುಣದೋಷಗಳೆಲ್ಲ ಮಾತಿನ ಮೂಲಕವೇ ನಡೆಯತಕ್ಕವು. ಮಾತು ಸಡಿಲವಾದಲ್ಲಿ ನಿಂದೆಯೂ ಅನುಕಂಪವೂ ಅನರ್ಹರಿಗೆ ಸಲ್ಲುತ್ತವೆ.

೨

ಮೊದಲು ವಿಚಾರಿಸಬೇಕಾದುದು ‘ಒತ್ತಡ’ ಎಂಬ ಪದವನ್ನು. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯು ೧೯೩೬ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಒಂದು ಚಿಕ್ಕ ಪತ್ರದಲ್ಲಿ, ನಾನಾ ಬಗೆಯ ಉಪದ್ರವಗಳಿಗೆ ಪ್ರಾಣಿಶರೀರವು ಒಂದೇ ಬಗೆಯ ಪ್ರತಿಕ್ರಿಯೆಯನ್ನು ತೋರಿಸುವುದೆಂದು ಪ್ರತಿಪಾದಿಸಿದನು. ಭೌತವಿಜ್ಞಾನದಲ್ಲಿ ಲೋಹಗಳ ವಿಷಯದಲ್ಲಿ ಬಳಕೆಯಾಗುತ್ತಿದ್ದ ‘ಸ್ಟ್ರೆಸ್’ ಎಂಬ ಮಾತು ಕಾಲಕ್ರಮದಲ್ಲಿ ಈ ಭಾವನೆಗೆ ಹೆಸರಾಯಿತು. ಕನ್ನಡವು ಅದಕ್ಕೆ ‘ಒತ್ತಡ’ವೆಂಬ ಪದವನ್ನು ಕೊಟ್ಟಿತು. ಗಾಳಿಯ ಒತ್ತಡ, ರಕ್ತದ ಒತ್ತಡ, ಕೆಲಸದ ಒತ್ತಡ, ಮನಸ್ಸಿನ ಒತ್ತಡ ಎಲ್ಲಕ್ಕೂ ಅದೊಂದೇ ಪದ. ಇಂಗ್ಲಿಷಿನಲ್ಲಿ ಎರಡು ಮಾತುಗಳು ಹಂಚಿಕೊಂಡ ಅರ್ಥವನ್ನು ಕನ್ನಡದಲ್ಲಿ ಒಂದೇ ಮಾತು ಹೊತ್ತಿದೆ. ಆದುದರಿಂದ ಹೊರಗಿನಿಂದ ಬರುವ ಭಾರಕ್ಕೂ ಒಳಗೆ ಉಂಟಾಗುವ ಸಂಕಟಕ್ಕೂ ಇರುವ ಅಂತರವು ಕನ್ನಡದಲ್ಲಿ ಸುಲಭವಾಗಿ ಮರೆಯಾಗುತ್ತದೆ. ಹೆಚ್ಚು ಕೆಲಸವಿರುವವನು ಹೆಚ್ಚು ಸಂಕಟದಲ್ಲಿರುವನೆಂದು ಹೇಳಿದಂತೆಯೇ ಆಗುತ್ತದೆ; ಸಿದ್ಧಪಡಿಸಬೇಕಾದ ಮಾತು ಪದದೊಳಗೇ ಅಡಗಿ ಕುಳಿತಿರುತ್ತದೆ.

ಈ ಗೊಂದಲವನ್ನು ಬಿಡಿಸಲು ನೆರವಾಗುವುದು ಅಮೆರಿಕದ ರಾಬರ್ಟ್ ಕರಾಸೆಕನು ೧೯೭೯ರಲ್ಲಿ ಮುಂದಿಟ್ಟ ವಿಭಾಗಕ್ರಮ. ಕೆಲಸದಲ್ಲಿ ಎರಡು ಅಂಶಗಳನ್ನು ಬೇರೆಬೇರೆಯಾಗಿ ಅಳೆಯಬೇಕೆಂಬುದು ಅವನ ಅಭಿಪ್ರಾಯ: ಕೆಲಸವು ಮನುಷ್ಯನಿಂದ ಎಷ್ಟನ್ನು ಕೇಳುತ್ತದೆ ಎಂಬುದು ಒಂದು, ಆ ಕೆಲಸವನ್ನು ಯಾವಾಗ, ಹೇಗೆ ಮಾಡಬೇಕೆಂದು ನಿರ್ಣಯಿಸುವ ಸ್ವಾತಂತ್ರ್ಯ ಅವನಿಗೆ ಎಷ್ಟಿದೆ ಎಂಬುದು ಇನ್ನೊಂದು. ಬೇಡಿಕೆ ಹೆಚ್ಚಾಗಿ ಸ್ವಾತಂತ್ರ್ಯ ಕಡಿಮೆಯಾದಾಗ ಮಾತ್ರ ಕೆಲಸವು ನಿಜವಾದ ಪೀಡೆಯಾಗುತ್ತದೆ. ಬೇಡಿಕೆ ಹೆಚ್ಚಾಗಿದ್ದರೂ ಸ್ವಾತಂತ್ರ್ಯವೂ ಹೆಚ್ಚಾಗಿದ್ದರೆ ಅದು ಚಟುವಟಿಕೆಯ ಕೆಲಸವೇ ಹೊರತು ಪೀಡೆಯಲ್ಲ. ಈ ಅಳತೆಯಿಂದ ನೋಡಿದರೆ, ಉನ್ನತಾಧಿಕಾರಿಯು ಸಾಮಾನ್ಯವಾಗಿ ಸೇರುವುದು ಎರಡನೆಯ ವರ್ಗಕ್ಕೆ. ಅವನ ಅಪ್ಪಣೆಗಾಗಿ ಕಾದು, ಅವನ ಗಡುವಿಗೆ ಓಡಿ, ತನ್ನ ದಿನದ ಮೇಲೆ ತನಗೇ ಹಿಡಿತವಿಲ್ಲದ ಗುಮಾಸ್ತನು ಸೇರುವುದು ಮೊದಲನೆಯ ವರ್ಗಕ್ಕೆ.

ಅಧಿಕಾರಿಯೇ ಹೆಚ್ಚು ಪೀಡಿತನೆಂಬ ಭಾವನೆಗೆ ಬಲ ಕೊಟ್ಟ ಒಂದು ಪ್ರಯೋಗದ ಕಥೆಯನ್ನು ಇಲ್ಲಿ ಹೇಳಬೇಕು. ೧೯೫೮ರಲ್ಲಿ ಜೋಸೆಫ್ ಬ್ರೇಡಿ ಎಂಬವನು ಕೋತಿಗಳನ್ನು ಜೋಡಿಜೋಡಿಯಾಗಿ ಕುರ್ಚಿಗಳಲ್ಲಿ ಕಟ್ಟಿಹಾಕಿ ವಿದ್ಯುತ್ತಿನ ಆಘಾತಕ್ಕೆ ಗುರಿಪಡಿಸಿದನು. ಜೋಡಿಯಲ್ಲಿ ಒಂದಕ್ಕೆ ಸನ್ನೆಗೋಲನ್ನೊತ್ತಿ ಆಘಾತವನ್ನು ತಪ್ಪಿಸುವ ಅವಕಾಶವಿತ್ತು, ಇನ್ನೊಂದಕ್ಕೆ ಇರಲಿಲ್ಲ. ಅವಕಾಶವಿದ್ದ ಕೋತಿಗೆ ‘ಅಧಿಕಾರಿ ಕೋತಿ’ ಎಂದು ಹೆಸರಾಯಿತು. ಹುಣ್ಣಾಗಿ ಸತ್ತುವು ಅಧಿಕಾರಿ ಕೋತಿಗಳೇ. ಹೊಣೆಯೇ ರೋಗಕ್ಕೆ ಮೂಲವೆಂಬ ಮಾತು ಇದರಿಂದ ಬಹುದೂರ ಹಬ್ಬಿತು. ಆದರೆ ಆ ಕೋತಿಗಳನ್ನು ಚೀಟಿ ಎತ್ತಿ ಆರಿಸಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಯಾವುದು ಹೆಚ್ಚು ಆತುರದಿಂದ ಸನ್ನೆಗೋಲನ್ನೊತ್ತಿತೋ ಅದನ್ನೇ ಅಧಿಕಾರಿಯನ್ನಾಗಿ ಮಾಡಲಾಗಿತ್ತು. ಮುಂದೆ ಜೇ ವೈಸ್ ಎಂಬವನು ಇಲಿಗಳನ್ನು ಯಾದೃಚ್ಛಿಕವಾಗಿ ವಿಭಾಗಿಸಿ ಅದೇ ಬಗೆಯ ಪ್ರಯೋಗವನ್ನು ನಡೆಸಿದಾಗ ಫಲವು ವಿಪರೀತವಾಯಿತು: ಹಿಡಿತವಿದ್ದ ಇಲಿಗಳಿಗೆ ಹುಣ್ಣು ಕಡಿಮೆ, ಹಿಡಿತವಿಲ್ಲದವುಗಳಿಗೆ ಹೆಚ್ಚು. ಮನುಷ್ಯರ ವಿಷಯದಲ್ಲಿಯೂ, ೨೦೧೨ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವು ಸೇನಾಧಿಕಾರಿಗಳನ್ನೂ ಸರಕಾರಿ ಅಧಿಕಾರಿಗಳನ್ನೂ ಪರೀಕ್ಷಿಸಿ, ನಾಯಕಸ್ಥಾನದಲ್ಲಿದ್ದವರ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಸ್ರಾವವು ಇತರರಿಗಿಂತ ಕಡಿಮೆಯೆಂದೂ, ತಮ್ಮ ಹಿಡಿತದಲ್ಲಿ ಕೆಲಸವಿದೆಯೆಂಬ ಭಾವನೆಯೇ ಅದಕ್ಕೆ ಸಂಬಂಧಪಟ್ಟುದೆಂದೂ ತೋರಿಸಿತು.

ಆದುದರಿಂದ ಜನಪ್ರಿಯವಾದದ ಮೊದಲ ಹೆಜ್ಜೆಯು ಗಟ್ಟಿಯಾದುದಲ್ಲ. ಆದರೂ ಅಧಿಕಾರಿಗಳೆಲ್ಲರನ್ನೂ ಒಂದೇ ರಾಶಿಗೆ ಹಾಕುವುದು ತಪ್ಪಾದೀತು. ಮೇಲಿನವರ ಅಪ್ಪಣೆಗೂ ಕೆಳಗಿನವರ ದೂರಿಗೂ ನಡುವೆ, ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಂತೆ ಇರುವ ನಡುಹಂತದ ವ್ಯವಸ್ಥಾಪಕನಿಗೆ ಪದವಿಯ ಹೆಸರು ಮಾತ್ರ ಉಂಟು, ನಿರ್ಣಯದ ಸ್ವಾತಂತ್ರ್ಯವಿಲ್ಲ. ಅಂಥವನ ಸಂಕಟವನ್ನು ಅವನ ಪದವಿಯಿಂದಲ್ಲ, ಅವನ ಕೈಯಲ್ಲಿರುವ ಅಧಿಕಾರದಿಂದ ಅಳೆಯಬೇಕು.

೩

ಎರಡನೆಯ ಹೆಜ್ಜೆಯನ್ನು, ಎಂದರೆ ಪೀಡೆಯಿಂದ ಮೈ ಬೆಳೆಯುವುದೇ ಎಂಬುದನ್ನು ಪರೀಕ್ಷಿಸಲು ಲಂಡನ್ನಿನ ವೈಟ್‌ಹಾಲ್ ಅಧ್ಯಯನಗಳಷ್ಟು ದೀರ್ಘವಾದ ಸಾಮಗ್ರಿ ಬೇರೆಡೆ ವಿರಳ. ೧೯೬೭ರಲ್ಲಿ ಆರಂಭವಾದ ಮೊದಲ ಅಧ್ಯಯನವು ಸರಕಾರಿ ನೌಕರಿಯಲ್ಲಿದ್ದ ಪುರುಷರನ್ನು ಕುರಿತದ್ದು. ೧೯೭೮ರಲ್ಲಿ ಪ್ರಕಟವಾದ ಅದರ ಫಲದ ಪ್ರಕಾರ, ಅತಿ ಕೆಳಗಿನ ದರ್ಜೆಯ ನೌಕರರಲ್ಲಿ ಹೃದ್ರೋಗದಿಂದ ಸತ್ತವರ ಪ್ರಮಾಣವು ಅತಿ ಮೇಲಿನ ದರ್ಜೆಯ ಅಧಿಕಾರಿಗಳಲ್ಲಿದ್ದುದರ ಮೂರುವರೆ ಪಾಲಿಗಿಂತ ಹೆಚ್ಚು. ಹೃದ್ರೋಗವು ದೊಡ್ಡ ಅಧಿಕಾರಿಗಳ ರೋಗವೆಂದು ನಂಬಿದ್ದವರಿಗೆ ಇದು ಅನಿರೀಕ್ಷಿತವಾಗಿತ್ತು.

ಎರಡನೆಯ ಅಧ್ಯಯನವು ೧೯೮೫ರಿಂದ ೧೯೮೮ರ ಅವಧಿಯಲ್ಲಿ ೩೫ರಿಂದ ೫೫ ವಯಸ್ಸಿನ ೧೦,೩೦೮ ಮಂದಿ ಸ್ತ್ರೀಪುರುಷ ನೌಕರರನ್ನು ಸೇರಿಸಿಕೊಂಡು ಆರಂಭವಾಯಿತು. ಅಲ್ಲಿಂದ ಹೊರಟ ಮೂರು ಲೇಖನಗಳು ಈ ವಿಷಯಕ್ಕೆ ಸಂಬಂಧಿಸಿವೆ. ೨೦೦೬ರ ಒಂದು ಲೇಖನವು ಸುಮಾರು ಹದಿನಾಲ್ಕು ವರ್ಷಗಳ ಅವಧಿಯಲ್ಲಿ ಮೂರು ಅಥವಾ ಹೆಚ್ಚು ಸಲ ಕೆಲಸದ ಪೀಡೆಗೊಳಗಾದವರಲ್ಲಿ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳು ಒಟ್ಟಿಗೆ ಕೆಡುವ ಸ್ಥಿತಿಯು ಎರಡು ಪಾಲಿಗಿಂತ ಹೆಚ್ಚಾಗಿ ಕಂಡುಬಂದಿತೆಂದು ಹೇಳುತ್ತದೆ. ೨೦೦೭ರ ಲೇಖನವು ಹತ್ತೊಂಬತ್ತು ವರ್ಷಗಳ ಅವಧಿಯನ್ನು ಪರಿಶೀಲಿಸಿ, ಪೀಡೆಯನ್ನು ಒಂದು ಸಲ, ಎರಡು ಸಲ, ಮೂರು ಸಲ ಎಂದು ಹೇಳಿಕೊಂಡವರಲ್ಲಿ ಸ್ಥೌಲ್ಯದ ಸಂಭವವು ಮೆಟ್ಟಿಲುಮೆಟ್ಟಿಲಾಗಿ ಏರಿದುದನ್ನು ತೋರಿಸುತ್ತದೆ. ಮೂರಕ್ಕೆ ಕಡಮೆಯಿಲ್ಲದವರಲ್ಲಿ ಅನುಪಾತವು ೧.೭೩. ಇಲ್ಲಿಗೆ ನಿಲ್ಲಿಸಿದರೆ ಇಂದಿನವರ ಮತವು ಗೆದ್ದಂತಾಗುತ್ತದೆ, ಚರಕನ ಮತವು ಸೋತಂತಾಗುತ್ತದೆ.

ಆದರೆ ೨೦೦೬ರ ಇನ್ನೊಂದು ಲೇಖನವು ಈ ನಿರ್ಣಯಕ್ಕೆ ತಡೆಯೊಡ್ಡುತ್ತದೆ. ಸುಮಾರು ಎಂಟು ಸಾವಿರ ಮಂದಿಯ ತೂಕವನ್ನು ಐದು ವರ್ಷಗಳ ಅಂತರದಲ್ಲಿ ಹೋಲಿಸಿದ ಆ ಲೇಖನದ ಪ್ರಕಾರ, ಪುರುಷರಲ್ಲಿ ಮೊದಲೇ ತೆಳ್ಳಗಿದ್ದವರು ಪೀಡೆಯಿಂದ ಇನ್ನೂ ತೆಳ್ಳಗಾದರು, ಮೊದಲೇ ದಪ್ಪಗಿದ್ದವರು ಇನ್ನೂ ದಪ್ಪಗಾದರು. ಸ್ತ್ರೀಯರಲ್ಲಿ ಈ ಇಬ್ಬಗೆಯು ಕಾಣಲಿಲ್ಲ. ಹದಿಮೂರು ಅಧ್ಯಯನಗಳ ಸುಮಾರು ೧,೬೦,೦೦೦ ಮಂದಿಯ ವಿವರಗಳನ್ನು ಕೂಡಿಸಿ ೨೦೧೨ರಲ್ಲಿ ಪ್ರಕಟಿಸಿದ ಐರೋಪ್ಯ ಸಮೀಕ್ಷೆಯಲ್ಲಿಯೂ ಪೀಡಿತರು ಎರಡು ತುದಿಗಳಲ್ಲಿ ಸ್ವಲ್ಪ ಹೆಚ್ಚಾಗಿ ಕಂಡುಬಂದರು: ತೀರ ಕೃಶರಲ್ಲಿ ಮತ್ತು ಸ್ಥೂಲರಲ್ಲಿ. ಅಂತರವು ದೊಡ್ಡದಲ್ಲ, ಆದರೆ ಅದರ ಆಕಾರವು ಅರ್ಥವತ್ತಾಗಿದೆ. ಗುಂಪಿನ ಸರಾಸರಿಯನ್ನು ಮಾತ್ರ ತೆಗೆದರೆ ಇಳಿದವರ ತೂಕವೂ ಏರಿದವರ ತೂಕವೂ ಒಂದನ್ನೊಂದು ನುಂಗಿ, ಪೀಡೆಗೆ ಯಾವ ಫಲವೂ ಇಲ್ಲವೆಂಬಂತೆ ತೋರುವುದು.

ಹೀಗಿರಲಾಗಿ ಚರಕನ ಮತವನ್ನು ಎಷ್ಟು ಮಟ್ಟಿಗೆ ಒಪ್ಪಬಹುದು? ಕೃಶನಿಗೆ ಚಿಂತೆಯು ಕೇಡೆಂಬ ಅರ್ಧವು ಈ ಸಾಮಗ್ರಿಯೊಡನೆ ಹೊಂದುತ್ತದೆ. ಸ್ಥೂಲನಿಗೆ ಚಿಂತೆಯು ಮದ್ದೆಂಬ ಅರ್ಧವು ಹೊಂದುವುದಿಲ್ಲ. ಸ್ಥೂಲನೇ ಪೀಡೆಯಿಂದ ಇನ್ನಷ್ಟು ಬೆಳೆಯುತ್ತಾನೆ. ಆದರೆ ಚರಕನು ಚಿಂತನವನ್ನು ಒಂಟಿಯಾಗಿ ವಿಧಿಸಲಿಲ್ಲವೆಂಬುದನ್ನು ಮರೆಯಬಾರದು. ವ್ಯಾಯಾಮದ ಜೊತೆಗೆ, ಆಹಾರನಿಯಮದ ಜೊತೆಗೆ ಅದನ್ನು ಹೇಳಿದನು. ಇಂದಿನ ಕಚೇರಿಯು ಕೊಡುವ ಚಿಂತೆಯು ಕುರ್ಚಿಯ ಜೊತೆಗೆ, ಕೈಗೆಟಕುವ ತಿಂಡಿಯ ಜೊತೆಗೆ, ಕೆಟ್ಟ ನಿದ್ದೆಯ ಜೊತೆಗೆ ಬರುತ್ತದೆ. ಪೀಡೆಯಲ್ಲಿ ಏರುವ ಕಾರ್ಟಿಸಾಲ್ ಕೆಲವರಿಗೆ ಸಿಹಿಯ ಮೇಲೆ, ಜಿಡ್ಡಿನ ಮೇಲೆ ಆಸೆ ಹೆಚ್ಚಿಸುತ್ತದೆ. ಬಹುಕಾಲ ಏರಿಯೇ ಇದ್ದರೆ ಕೊಬ್ಬನ್ನು ಹೊಟ್ಟೆಯೊಳಗೆ ಕೂಡಿಹಾಕುವುದಕ್ಕೆ ನೆರವಾಗುತ್ತದೆ. ಕೆಲವರಿಗಾದರೋ ಸಂಕಟದಲ್ಲಿ ಊಟವೇ ರುಚಿಸುವುದಿಲ್ಲ. ಚಿಂತೆಗೂ ತೂಕಕ್ಕೂ ನಡುವೆ ಊಟ, ನಿದ್ದೆ, ಅಂಗಚಲನೆಗಳೆಂಬ ಮೂರು ಬಾಗಿಲುಗಳಿವೆ. ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ನೋಡದೆ ಫಲವನ್ನು ಹೇಳುವುದು ಸಾಧ್ಯವಲ್ಲ.

೪

ಅಂಗಚಲನೆಯ ವಿಷಯದಲ್ಲಿ ಮೊದಲು ನೆನೆಯಬೇಕಾದವನು ಜೆರೆಮಿ ಮಾರಿಸ್. ಅವನೂ ಅವನ ಸಹೋದ್ಯೋಗಿಗಳೂ ೧೯೫೩ರಲ್ಲಿ ಪ್ರಕಟಿಸಿದ ಲೇಖನವು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿತು. ದಿನವಿಡೀ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ. ಒಂದೇ ಸಂಸ್ಥೆ, ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಸಂಬಳ. ಬೇರೆಯಾದುದು ಮೈಯ ಕೆಲಸ. ವಾದವು ಸುಂದರವಾಗಿತ್ತು. ಆದರೆ ಮಾರಿಸನು ಅಲ್ಲಿಗೆ ನಿಲ್ಲಲಿಲ್ಲ. ೧೯೫೬ರಲ್ಲಿ ಆತನು ಸಂಸ್ಥೆಯವರು ಹೊಲಿಸಿಕೊಡುವ ಸಮವಸ್ತ್ರದ ಅಳತೆಗಳನ್ನು ಪರಿಶೀಲಿಸಿ, ಚಾಲಕರ ಷರಾಯಿಗಳ ಸೊಂಟವು ನಿರ್ವಾಹಕರದಕ್ಕಿಂತ ದೊಡ್ಡದೆಂದು ಕಂಡುಕೊಂಡನು. ಈ ಅಂತರವು ಚಿಕ್ಕ ವಯಸ್ಸಿನವರಲ್ಲಿಯೂ ಇತ್ತು. ಎಂದಮೇಲೆ ಕುರ್ಚಿಯು ಮೈಯನ್ನು ಬೆಳೆಯಿಸಿತೋ, ಬೆಳೆದ ಮೈಯೇ ಕುರ್ಚಿಯನ್ನು ಆರಿಸಿಕೊಂಡಿತೋ ಎಂಬ ಸಂದೇಹವು ಹುಟ್ಟಿತು. ತನ್ನ ವಾದಕ್ಕೆ ತಾನೇ ಆಕ್ಷೇಪವನ್ನು ತಂದೊಡ್ಡಿಕೊಂಡು ಪ್ರಕಟಿಸಿದ ಈ ನಡತೆಯು ಯಾವ ಶಾಸ್ತ್ರದವರಿಗೂ ಮೇಲ್ಪಂಕ್ತಿಯಾಗಿದೆ. ಸೊಂಟದ ಅಂತರವೊಂದರಿಂದಲೇ ಹೃದ್ರೋಗದ ಅಂತರವನ್ನು ವಿವರಿಸಲಾಗದೆಂಬುದು ಅವರ ಮುಂದಿನ ಲೇಖನಗಳಲ್ಲಿ ಸ್ಪಷ್ಟವಾಯಿತು.

ಭಾರತದಲ್ಲಿ ನಡೆದ ಒಂದು ಅಧ್ಯಯನವೂ ಇಷ್ಟೇ ಪ್ರಸಿದ್ಧವಾಗಿದೆ. ೧೯೫೬ರಲ್ಲಿ ಜೀನ್ ಮೇಯರನೂ ಅವನ ಭಾರತೀಯ ಸಹೋದ್ಯೋಗಿಗಳೂ ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ೨೧೩ ಮಂದಿಯ ಆಹಾರವನ್ನೂ ತೂಕವನ್ನೂ ಕೆಲಸವನ್ನೂ ಅಳೆದು ಪ್ರಕಟಿಸಿದರು. ಹೊರೆ ಹೊರುವವರಿಂದ ಮೊದಲ್ಗೊಂಡು ಗುಮಾಸ್ತರು, ಮೇಲ್ವಿಚಾರಕರು, ಅಂಗಡಿಯಲ್ಲಿ ಕುಳಿತಿರುವವರು ಅದರಲ್ಲಿ ಸೇರಿದ್ದರು. ಮೈಕೆಲಸ ಹೆಚ್ಚಿದಂತೆ ಊಟವೂ ಹೆಚ್ಚುವುದು ಸಹಜವಾಗಿಯೇ ಕಂಡಿತು. ಆದರೆ ಕೆಲಸವು ಒಂದು ಮಿತಿಗಿಂತ ಕೆಳಗಿಳಿದಲ್ಲಿ ಊಟವು ಅದರೊಡನೆ ಇಳಿಯಲಿಲ್ಲ, ಬದಲಾಗಿ ಏರಿತು. ಕುಳಿತಿರುವವರು ಹೊರೆಯಾಳುಗಳಷ್ಟೇ ಉಂಡು ಅವರಿಗಿಂತ ಹೆಚ್ಚು ತೂಗಿದರು. ಹಸಿವೆಂಬುದು ದುಡಿಮೆಯ ಒಂದು ಮೇರೆಯೊಳಗೆ ಮಾತ್ರ ನಂಬತಕ್ಕ ಅಳತೆಯೆಂದೂ, ಮೇರೆ ಮೀರಿದ ನಿಶ್ಚಲತೆಯಲ್ಲಿ ಅದರ ಲೆಕ್ಕ ತಪ್ಪುವುದೆಂದೂ ಇದರಿಂದ ಊಹಿಸಬಹುದು. ಗಿರಣಿಯೊಂದರ, ಒಂದು ಕಾಲದ ಚಿತ್ರವಾದುದರಿಂದ ಇದನ್ನು ನಿಯಮವೆಂದು ಸಾರಲಾಗದು. ಆದರೂ ಮೇಜಿನ ಮುಂದೆ ದಿನ ಕಳೆಯುವ ಅಧಿಕಾರಿಯ ವಿಷಯದಲ್ಲಿ ಇದು ಉಪೇಕ್ಷಣೀಯವಲ್ಲ.

ಈ ಸಂದರ್ಭದಲ್ಲಿ ಕನ್ನಡದ ಕೆಲವು ಮಾತುಗಳನ್ನು ಪುನಃ ನೋಡಬೇಕು. ದುಡಿಮೆಗೆ ಕನ್ನಡವು ‘ಮೈಬಗ್ಗಿಸುವುದು’ ಎನ್ನುತ್ತದೆ. ಸೋಮಾರಿಗೆ ‘ಮೈಗಳ್ಳ’ನೆಂದು ಹೆಸರು. ಕೂತುಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯಲ್ಲಿ ಕೂತಿರುವುದೆಂದರೆ ಕೆಲಸವಿಲ್ಲದಿರುವುದು. ಹೊಲವೇ ಕೆಲಸದ ಎಡೆಯಾಗಿದ್ದಾಗ ಹುಟ್ಟಿದ ಮಾತುಗಳಿವು. ಆಗ ಮೈಯ ಚಲನೆಯೂ ದುಡಿಮೆಯೂ ಒಂದೇ ಆಗಿದ್ದುವು. ಕಚೇರಿಯಲ್ಲಿ ಇವೆರಡೂ ಅಗಲಿವೆ. ಅಲ್ಲಿ ಕೂತಿರುವುದೇ ಕೆಲಸ. ಎದ್ದು ತಿರುಗಾಡುವವನೇ ಕೆಲಸಗಳ್ಳನೆನಿಸುತ್ತಾನೆ. ದಿನಕ್ಕೆ ಹನ್ನೆರಡು ಗಂಟೆ ಮೇಜಿಗಂಟಿ ದುಡಿದವನ ಹೊಟ್ಟೆಯನ್ನು ನೋಡಿ ಮೈಗಳ್ಳತನವನ್ನು ಆರೋಪಿಸುವವರು ಹೊಲದ ಮಾತನ್ನು ಕಚೇರಿಗೆ ತಂದು ಅನ್ಯಾಯ ಮಾಡುತ್ತಾರೆ. ಅದೇ ಹೊಟ್ಟೆಯನ್ನು ದುಡಿಮೆಯ ಗುರುತೆಂದು ಹೊಗಳುವವರು ಮಾಡುವುದೂ ಅನ್ಯಾಯವೇ. ಅದೇ ಕಚೇರಿಯಲ್ಲಿ ಅವನಿಗಿಂತ ಹೆಚ್ಚು ಪೀಡೆಯಲ್ಲಿ ದುಡಿದು ಬಡವಾದವನ ದುಡಿಮೆಯು ಅವರ ಕಣ್ಣಿಗೆ ಬೀಳುವುದಿಲ್ಲ.

ಕುಳಿತು ಮಾಡುವ ಕೆಲಸದವರಿಗೆ ಕೆಲಸದ ಹೊರಗಿನ ವ್ಯಾಯಾಮದಿಂದ ಪ್ರಯೋಜನವುಂಟೇ ಎಂಬ ಪ್ರಶ್ನೆಯನ್ನೂ ಮಾರಿಸನೇ ಎತ್ತಿಕೊಂಡನು. ೧೯೬೮ರಿಂದ ೧೯೭೦ರ ಅವಧಿಯಲ್ಲಿ ಬ್ರಿಟನ್ನಿನ ಸರಕಾರಿ ಸೇವೆಯ ಕಾರ್ಯನಿರ್ವಾಹಕ ದರ್ಜೆಯ ೧೬,೮೮೨ ಪುರುಷರು, ಹಿಂದಿನ ಶುಕ್ರವಾರ ಶನಿವಾರಗಳ ಬಿಡುವಿನಲ್ಲಿ ತಾವು ಮಾಡಿದುದನ್ನು ಸೋಮವಾರ ಬೆಳಗ್ಗೆ ಬರೆದುಕೊಟ್ಟರು. ಬಿರುಸಾದ ವ್ಯಾಯಾಮ ಮಾಡಿದವರಲ್ಲಿ ಮುಂದೆ ಹೃದ್ರೋಗವು ಸ್ಪಷ್ಟವಾಗಿ ಕಡಿಮೆಯಾಯಿತೆಂದು ೧೯೭೩ರ ಲೇಖನವು ತಿಳಿಸಿತು. ವ್ಯಾಯಾಮದ ಮೊದಲ ಫಲವನ್ನು ಹೃದಯದಲ್ಲಿ ಹುಡುಕಬೇಕೇ ಹೊರತು ತಕ್ಕಡಿಯಲ್ಲಲ್ಲವೆಂಬುದಕ್ಕೆ ಇದು ಸೂಚನೆ.

೫

ತಕ್ಕಡಿಯ ವಿಷಯವೂ ಇಲ್ಲಿ ವಿಚಾರಾರ್ಹ. ಮೇಲೆ ಹೇಳಿದ ಅಧ್ಯಯನಗಳಲ್ಲಿ ಬಹುಭಾಗವು ಸ್ಥೌಲ್ಯವನ್ನು ಅಳೆದುದು, ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿ ಬರುವ ಸೂಚಿಯಿಂದ. ಇದರ ಮೂಲವು ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂ ಪಂಡಿತ ಅಡಾಲ್ಫ್ ಕೆಟ್ಲೆಯದು. ಆತನು ಹುಡುಕುತ್ತಿದ್ದುದು ರೋಗಿಯ ಲಕ್ಷಣವನ್ನಲ್ಲ, ಜನಸಮೂಹದ ಸರಾಸರಿ ಮನುಷ್ಯನನ್ನು. ೧೯೭೨ರಲ್ಲಿ ಆನ್ಸೆಲ್ ಕೀಸನು ಇದಕ್ಕೆ ಈಗಿನ ಹೆಸರನ್ನಿತ್ತನು. ಸಮೂಹಕ್ಕೆ ಹೊಂದುವ ಈ ಅಳತೆಯು ವ್ಯಕ್ತಿಗೆ ಎಷ್ಟು ಮೋಸ ಮಾಡಬಲ್ಲುದೆಂಬುದನ್ನು ಪುಣೆಯ ವೈದ್ಯ ಯಾಜ್ಞಿಕರೂ ಲಂಡನ್ನಿನ ವೈದ್ಯ ಯಡ್ಕಿನ್ನರೂ ೨೦೦೪ರಲ್ಲಿ ತಮ್ಮನ್ನೇ ಉದಾಹರಣೆಯಾಗಿಟ್ಟು ತೋರಿಸಿದರು. ಇಬ್ಬರ ಸೂಚಿಯೂ ೨೨.೩. ಆದರೆ ಯಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ ೯.೧, ಯಾಜ್ಞಿಕರ ಮೈಯಲ್ಲಿ ನೂರಕ್ಕೆ ೨೧.೨. ತಕ್ಕಡಿಯ ಕಣ್ಣಿಗೆ ಇಬ್ಬರೂ ಸಮಾನ.

ಭಾರತೀಯರಲ್ಲಿ ಇದೇ ತೂಕಕ್ಕೆ ಕೊಬ್ಬು ಹೆಚ್ಚಾಗಿಯೂ ಮಾಂಸಖಂಡ ಕಡಿಮೆಯಾಗಿಯೂ ಇರುವುದರಿಂದ, ಭಾರತೀಯ ತಜ್ಞರು ೨೦೦೯ರಲ್ಲಿ ಸೂಚಿಯ ಮಿತಿಗಳನ್ನು ಇಳಿಸಿ ೨೩ರಿಂದ ಅಧಿಕಭಾರ, ೨೫ರಿಂದ ಸ್ಥೌಲ್ಯವೆಂದು ನಿರ್ಣಯಿಸಿದರು. ಸೊಂಟದ ಸುತ್ತಳತೆಗೆ ಪುರುಷರಲ್ಲಿ ೯೦ ಸೆಂಟಿಮೀಟರ್, ಸ್ತ್ರೀಯರಲ್ಲಿ ೮೦ ಸೆಂಟಿಮೀಟರ್ ಎಂಬ ಮಿತಿಗಳನ್ನು ಹಾಕಿದರು. ಮಾರಿಸನು ಷರಾಯಿಯ ಅಳತೆಪಟ್ಟಿಯನ್ನು ಕೈಗೆತ್ತಿಕೊಂಡುದು ಈ ದೃಷ್ಟಿಯಿಂದ ದೂರದರ್ಶಿತ್ವವೇ ಸರಿ. ಇಂಗ್ಲೆಂಡಿನ ಫಲಗಳನ್ನು ಭಾರತಕ್ಕೆ ಹಾಗೆಯೇ ಅನ್ವಯಿಸಲಾಗದೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ವೈಟ್‌ಹಾಲಿನಲ್ಲಿ ಸ್ಥೌಲ್ಯವು ಕೆಳದರ್ಜೆಗಳಲ್ಲಿ ಹೆಚ್ಚು. ಭಾರತದಲ್ಲಿಯಾದರೋ ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸೂಚಿಯು ೨೫ನ್ನು ಮುಟ್ಟಿದವರು ಸ್ತ್ರೀಯರಲ್ಲಿ ನೂರಕ್ಕೆ ೨೪, ಪುರುಷರಲ್ಲಿ ಸುಮಾರು ೨೩. ಸಂಪತ್ತು ಏರಿದಂತೆ ಈ ಪ್ರಮಾಣವೂ ಏರುತ್ತದೆ. ಆದುದರಿಂದ ಇಲ್ಲಿಯ ಅಧಿಕಾರಿಯ ಹೊಟ್ಟೆಗೆ ಪೀಡೆಗಿಂತ ಸೌಕರ್ಯವೇ ಹತ್ತಿರದ ಕಾರಣವಾಗಿರಬಹುದು. ಈ ಸಂದರ್ಭದಲ್ಲಿ ನಿತ್ಯಹರ್ಷವನ್ನೂ ನಿಶ್ಚಲತೆಯನ್ನೂ ಒಟ್ಟಿಗೆ ಹೇಳಿದ ಚರಕನ ಮಾತು ಹಳತೆನ್ನಿಸಿಕೊಳ್ಳುವುದಿಲ್ಲ.

ವ್ಯಾಯಾಮದಿಂದ ತೂಕವು ಎಷ್ಟು ಇಳಿಯುವುದೆಂಬ ಲೆಕ್ಕವೂ ಸಾಮಾನ್ಯವಾಗಿ ತಪ್ಪಾಗಿ ಹಾಕಲ್ಪಡುತ್ತದೆ. ಒಂದು ಕಿಲೋಗ್ರಾಂ ಮೈಕೊಬ್ಬಿನಲ್ಲಿ ಸುಮಾರು ೭,೭೦೦ ಕಿಲೋಕ್ಯಾಲೊರಿಗಳಷ್ಟು ಶಕ್ತಿ ಅಡಗಿದೆ. ಮಧ್ಯಮಗಾತ್ರದವನ ಅರ್ಧಗಂಟೆಯ ಚುರುಕು ನಡಗೆಗೆ ವೆಚ್ಚವಾಗುವುದು ನೂರ ಮೂವತ್ತರ ಆಸುಪಾಸು. ಈ ಗಣಿತದಂತೆಯೇ ಒಂದು ಕಿಲೋಗ್ರಾಂ ಇಳಿಸಲು ಎರಡು ತಿಂಗಳ ನಿತ್ಯನಡಗೆ ಬೇಕು. ಮಧ್ಯೆ ಹಸಿವೆ ಹೆಚ್ಚಿದರೆ ಅದೂ ಇಲ್ಲ. ತಾಂಜಾನಿಯದ ಹಾಡ್ಜಾ ಎಂಬ ಬೇಟೆಗಾರ ಜನರನ್ನು ಕುರಿತು ೨೦೧೨ರಲ್ಲಿ ಪ್ರಕಟವಾದ ಅಧ್ಯಯನವು, ದಿನವೂ ಬಹಳ ದೂರ ನಡೆಯುವ ಅವರ ಒಟ್ಟು ಶಕ್ತಿವ್ಯಯವು, ಗಾತ್ರಭೇದವನ್ನು ಕಳೆದು ನೋಡಿದರೆ, ಪಾಶ್ಚಾತ್ಯ ನಗರವಾಸಿಗಳದಕ್ಕೆ ಸಮಾನವಾಗಿಯೇ ಇತ್ತೆಂದು ತಿಳಿಸಿ ವಿದ್ವಾಂಸರನ್ನು ಬೆರಗುಗೊಳಿಸಿತು. ಶರೀರವು ಒಂದೆಡೆ ಖರ್ಚಾದುದನ್ನು ಇನ್ನೊಂದೆಡೆ ಉಳಿಸಿಕೊಳ್ಳುತ್ತದೆ. ಆದುದರಿಂದ ನಡಗೆಯಿಂದ ತೂಕ ಇಳಿಯಲಿಲ್ಲವೆಂದು ನಡಗೆಯನ್ನು ಬಿಟ್ಟವನು ಸಣ್ಣ ಲಾಭ ಸಿಕ್ಕಲಿಲ್ಲವೆಂದು ದೊಡ್ಡ ಲಾಭವನ್ನು ಕಳೆದುಕೊಂಡವನಾಗುತ್ತಾನೆ. ನಡಗೆಯು ರಕ್ತದೊತ್ತಡ, ಸಕ್ಕರೆ, ನಿದ್ದೆಗಳ ಮೇಲೆ ಮಾಡುವ ಉಪಕಾರವು ತಕ್ಕಡಿಯಲ್ಲಿ ಕಾಣತಕ್ಕದ್ದಲ್ಲ.

೬

ಇಷ್ಟರಿಂದ ಸಿದ್ಧವಾಗುವ ಸಂಗತಿಗಳು ಕೆಲವು. ಚಿಂತೆಯು ಕೃಶಗೊಳಿಸುವುದೇ ಸ್ಥೂಲಗೊಳಿಸುವುದೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಅದು ಮೊದಲಿನ ಶರೀರಸ್ಥಿತಿಯನ್ನೂ ಚಿಂತೆಯ ಜೊತೆಗೆ ಬರುವ ಊಟ, ನಿದ್ದೆ, ಚಲನೆಗಳನ್ನೂ ಅವಲಂಬಿಸಿದೆ. ಪೀಡೆಯು ಪದವಿಯೊಡನೆ ಏರುವುದಿಲ್ಲ. ನಿರ್ಣಯಸ್ವಾತಂತ್ರ್ಯವು ಇಳಿದಂತೆ ಏರುತ್ತದೆ. ನಿಶ್ಚಲತೆಯು ಪೀಡೆಯಿಂದ ಬೇರೆಯಾದ ಇನ್ನೊಂದು ಕಾರಣ. ಅದು ಮೇಲಧಿಕಾರಿಗೂ ಗುಮಾಸ್ತನಿಗೂ ಒಂದೇ ಕುರ್ಚಿಯ ಮೂಲಕ ಬರುತ್ತದೆ. ಈ ಎರಡು ಕಾರಣಗಳನ್ನೂ ‘ಒತ್ತಡ’ವೆಂಬ ಒಂದೇ ಪದದ ಕೆಳಗೆ ಕೂಡಿಸಿದುದರಿಂದಲೇ ಜನಪ್ರಿಯವಾದವು ದಾರಿ ತಪ್ಪಿದೆ.

ಆದುದರಿಂದ ಪರಿಹಾರವೂ ಎರಡು ಬಗೆಯದಾಗಬೇಕು. ನಿಶ್ಚಲತೆಗೆ ನಡಗೆಯೂ ಎದ್ದು ಓಡಾಡಲು ಅವಕಾಶವಿರುವ ಕಚೇರಿಯೂ ಮದ್ದು. ಪೀಡೆಗೆ ನಡಗೆಯು ಅಲ್ಪ ಸಮಾಧಾನವನ್ನು ಕೊಡಬಲ್ಲುದೇ ಹೊರತು ಮದ್ದಾಗಲಾರದು. ಕೆಲಸ ಮಾಡುವವನಿಗೆ ತನ್ನ ಕೆಲಸದ ಮೇಲೆ ಹಿಡಿತವನ್ನು ಕೊಡುವುದೇ ಅದರ ಮದ್ದು, ಮತ್ತು ಅದನ್ನು ಕೊಡಬಲ್ಲವನು ಆ ಕೆಲಸವನ್ನು ಏರ್ಪಡಿಸುವ ವ್ಯವಸ್ಥಾಪಕನೇ. ತನ್ನ ಹೊಟ್ಟೆಯನ್ನು ಒತ್ತಡದ ಫಲವೆಂದು ಹೇಳಿಕೊಳ್ಳುವ ಅಧಿಕಾರಿಯು ಮೊದಲು ವಿಚಾರಿಸಬೇಕಾದುದು ತನ್ನ ಅಪ್ಪಣೆಗಳು ಇತರರ ಮೈಯ ಮೇಲೆ ಏನು ಮಾಡುತ್ತಿವೆ ಎಂಬುದನ್ನು.

ಸಾಹಿತ್ಯವನ್ನು ಬೋಧಿಸುವವರಿಗೂ ಇದರಲ್ಲಿ ಒಂದು ಕಾರ್ಯವುಂಟು. ಡೊಳ್ಳುಹೊಟ್ಟೆಯ ಅಧಿಕಾರಿ, ಬಡಕಲು ಗುಮಾಸ್ತ ಎಂಬ ಜೋಡಿಯು ಹಾಸ್ಯಚಿತ್ರಗಳಲ್ಲಿ, ನಾಟಕಗಳಲ್ಲಿ ಬಹುಕಾಲದಿಂದ ರೂಢವಾದುದು. ನೋಡುವವರು ಆ ಹೊಟ್ಟೆಯಲ್ಲಿ ದರ್ಪವನ್ನೂ ಆ ಬಡಕಲುತನದಲ್ಲಿ ದೈನ್ಯವನ್ನೂ ಓದಿಕೊಳ್ಳುತ್ತಾರೆ. ಅಂಥ ಚಿತ್ರವನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ, ಮೈಯನ್ನು ಗುಣದ ಸಂಕೇತವಾಗಿ ಬಳಸುವುದು ಕವ್ಯಸಮಯವೇ ಹೊರತು ಸಾಕ್ಷ್ಯವಲ್ಲವೆಂದು ತಿಳಿಸುವುದು ಉಚಿತ. ಮನುಷ್ಯನ ತೂಕವನ್ನು ನೋಡಿ ಅವನ ದುಡಿಮೆಯನ್ನಾಗಲಿ ಚಿಂತೆಯನ್ನಾಗಲಿ ನಿರ್ಣಯಿಸುವುದಕ್ಕೆ ಚರಕನ ಕಾಲದಿಂದ ಇಂದಿನವರೆಗೆ ಕೂಡಿಬಂದಿರುವ ಸಾಮಗ್ರಿಯಲ್ಲಿ ಯಾವ ಆಧಾರವೂ ದೊರೆಯುವುದಿಲ್ಲ.